ಪಿಕಪ್ ಬಿದ್ದಿದೆ, ಟಿಸಿ (ಟ್ರ್ಯಾಕ್ಷನ್ ಕಂಟ್ರೋಲ್) ದೀಪ ಉರಿಯುತ್ತಿದೆ: ಸ್ಪೋರ್ಟ್ ಬೈಕ್‌ನಲ್ಲಿ ದೋಷ ಹುಡುಕುವ ಕ್ರಮ

ಲೀಟರ್ ಕ್ಲಾಸ್ (ಸುಮಾರು 1000 ಸಿಸಿಯ) ಸ್ಪೋರ್ಟ್ ಬೈಕ್ ಬಗ್ಗೆ "ಪಿಕಪ್ ಇಲ್ಲ" ಎಂಬ ದೂರು ಬಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸ್ಪಾರ್ಕ್ ಪ್ಲಗ್‌ಗೆ, ಆಮೇಲೆ ಏರ್ ಫಿಲ್ಟರ್‌ಗೆ. ಕಾರ್ಬುರೇಟರ್ ಕಾಲಕ್ಕೆ ಆ ದಾರಿ ಸರಿಯಾಗಿತ್ತು. ಆಗ ಗ್ರಿಪ್‌ಗೂ ಇಂಜಿನ್‌ಗೂ ನಡುವೆ ಇದ್ದದ್ದು ಒಂದು ಕೇಬಲ್ ಮಾತ್ರ. 2006ರ ಯಮಹಾ ಆರ್6ರಲ್ಲಿ ಥ್ರಾಟಲ್ ತೆರೆಯುವ ಕೆಲಸ ಮೋಟಾರಿನ ಪಾಲಾಯಿತು. 2015ರ ಆರ್1ರಲ್ಲಿ ಬೈಕ್ ಎಷ್ಟು ವಾಲಿದೆ, ಮೂತಿ ಎಷ್ಟು ಎತ್ತಿದೆ ಎಂದು ಅಳೆಯುವ ಆರು ಅಕ್ಷದ ಐಎಂಯು ಎಂಬ ಸೆನ್ಸರ್ ಪೆಟ್ಟಿಗೆ ಬಂತು. ಈಗ ಸವಾರ ಗ್ರಿಪ್ ತಿರುಗಿಸಿ ಮಾಡುವುದು ಬೇಡಿಕೆ ಅಷ್ಟೆ. ಎಷ್ಟು ಕೊಡಬೇಕು ಎಂದು ತೀರ್ಮಾನಿಸುವುದು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್.

ಆದ್ದರಿಂದ ಸ್ಪ್ಯಾನರ್ ಎತ್ತುವ ಮೊದಲು ಮೂರು ಪ್ರಶ್ನೆಗಳನ್ನು ಬಿಡಿಸಿಕೊಳ್ಳಬೇಕು. ಇಂಜಿನ್‌ಗೆ ಶಕ್ತಿ ಹುಟ್ಟಿಸಲು ಆಗುತ್ತಿಲ್ಲವೇ? ಹುಟ್ಟಿಸಲು ಇಸಿಯು ಬಿಡುತ್ತಿಲ್ಲವೇ? ಹುಟ್ಟಿದ್ದು ಚಕ್ರದವರೆಗೆ ಮುಟ್ಟುತ್ತಿಲ್ಲವೇ? ಸವಾರನಿಗೆ ಮೂರೂ ಒಂದೇ ಥರ ಅನ್ನಿಸುತ್ತವೆ, ರಿಪೇರಿ ಮಾತ್ರ ಪೂರ್ತಿ ಬೇರೆ. ಎರಡನೆಯ ಪ್ರಶ್ನೆಯನ್ನು ಕೇಳದೇ ಫ್ಯುಯೆಲ್ ಪಂಪ್, ಕಾಯಿಲ್, ಇಂಜೆಕ್ಟರ್ ಎಂದು ಒಂದೊಂದೇ ಬದಲಿಸುತ್ತಾ ಹೋದ ಬೈಕ್‌ಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹಣವೂ ಹೋಗಿರುತ್ತದೆ, ದೋಷವೂ ಉಳಿದಿರುತ್ತದೆ.

ದೋಷವೇ ಅಲ್ಲದ ಕೆಲವು ಸಂಗತಿಗಳು

ರೈಡಿಂಗ್ ಮೋಡ್ ನೋಡಿ. ರೈನ್ ಮೋಡ್‌ನಲ್ಲಿ ಶಕ್ತಿ ಕಡಿಮೆಯಾಗುವುದು ಕಂಪನಿಯವರು ಬೇಕೆಂದೇ ಮಾಡಿರುವ ಏರ್ಪಾಡು. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಕೆಲವು ಮಾಡೆಲ್‌ಗಳಲ್ಲಿ ಸವಾರ ಇಟ್ಟುಕೊಂಡಿದ್ದ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಸರ್ವೀಸ್ ಆದ ಮೇಲೆ ಪಿಕಪ್ ಹೋಯಿತು ಎನ್ನುವ ಕೆಲವು ದೂರುಗಳು ಇಲ್ಲಿಗೇ ಮುಗಿಯುತ್ತವೆ.

ಹಿಂಚಕ್ರವನ್ನು ನೆಲದಿಂದ ಎತ್ತುವ ಪ್ಯಾಡಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಗೇರ್ ಹಾಕಿ ಹಿಂದಿನ ಚಕ್ರ ತಿರುಗಿಸಿದರೆ ಮುಂದಿನ ಚಕ್ರ ನಿಂತೇ ಇರುತ್ತದೆ. ಇಸಿಯು ಅದನ್ನು ನಂಬಲಾಗದ ಸ್ಥಿತಿ ಎಂದುಕೊಂಡು ಟಿಸಿ (ಹಿಂಚಕ್ರ ಜಾರದಂತೆ ಶಕ್ತಿ ತಗ್ಗಿಸುವ ವ್ಯವಸ್ಥೆ), ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಎರಡರ ದೀಪವನ್ನೂ ಹೊತ್ತಿಸಬಹುದು. ಚೈನ್‌ಗೆ ಎಣ್ಣೆ ಬಿಟ್ಟ ಮೇಲೆ ಹತ್ತಿದ ದೀಪ ಎಂದಾದರೆ ಕೀ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಓಡಿಸಿ. ಕೀ ಆನ್ ಮಾಡಿದಾಗ ಎಬಿಎಸ್ ದೀಪ ಇರುವುದು, ಬೈಕ್ ಚಲಿಸಿದ ಮೇಲಷ್ಟೇ ಆರುವುದು ಸಹಜ ನಡವಳಿಕೆ.

ಶಕ್ತಿ ಅಳೆಯುವ ಯಂತ್ರವಾದ ಡೈನೋ ಕೊಡುವ ಅಂಕಿಗೂ ಇದೇ ಎಚ್ಚರ ಬೇಕು. ಕಂಪನಿ ಹೇಳುವ ಅಶ್ವಶಕ್ತಿ ಇಂಜಿನ್ ಒಳಗಿನ ಕ್ರ್ಯಾಂಕ್‌ನದು, ಡೈನೋ ಅಳೆಯುವುದು ಹಿಂಚಕ್ರದ್ದು. ಗೇರ್‌ಬಾಕ್ಸ್, ಚೈನ್, ಟೈರ್ ಸೇರಿ ಶೇಕಡಾ 10ರಿಂದ 15ರಷ್ಟನ್ನು ತಿನ್ನುತ್ತವೆ. 200 ಎಂದು ಬರೆದ ಬೈಕ್ 175 ತೋರಿಸಿದರೆ ಗಾಬರಿಯಾಗಬೇಕಿಲ್ಲ. ಟಿಸಿ ಆಫ್ ಮಾಡದೆ, ಅಥವಾ ಡೈನೋ ಮೋಡ್‌ಗೆ ಹಾಕದೆ ಓಡಿಸಿದ ಅಂಕಿಯನ್ನಂತೂ ಲೆಕ್ಕಕ್ಕೇ ಇಡಬೇಡಿ. ಎತ್ತರದ ಪ್ರದೇಶದಲ್ಲಿ 1000 ಮೀಟರ್‌ಗೆ ಸುಮಾರು ಶೇಕಡಾ 10ರಷ್ಟು ಶಕ್ತಿ ಗಾಳಿಯ ಸಾಂದ್ರತೆಯೊಂದಿಗೇ ಇಳಿಯುತ್ತದೆ.

ಸವಾರನನ್ನು ತಪ್ಪದೆ ಕೇಳಬೇಕಾದ ಒಂದು ಮಾತಿದೆ: ಇದು ಶುರುವಾಗುವ ಮೊದಲು ಬೈಕ್ ಮೇಲೆ ಏನು ಕೆಲಸ ನಡೆದಿತ್ತು? ಟೈರ್ ಬದಲಾಯಿತೇ, ಟ್ಯಾಂಕ್ ಎತ್ತಿದ್ದರೇ, ಎಕ್ಸಾಸ್ಟ್ ಹಾಕಿಸಿದರೇ, ಅಲಾರ್ಮ್ ಅಥವಾ ಟ್ರ್ಯಾಕರ್ ಕೂರಿಸಿದರೇ, ಪ್ರೆಶರ್ ವಾಷರ್‌ನಿಂದ ತೊಳೆದರೇ? ಇವುಗಳಲ್ಲಿ ಒಂದಕ್ಕೆ ಹೌದು ಎಂಬ ಉತ್ತರ ಬಂದರೆ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಿ.

ಯಾವ ದೀಪಗಳು ಜೊತೆಯಾಗಿ ಹತ್ತಿವೆ

ಸಹಾಯಕ ವ್ಯವಸ್ಥೆಗಳ ಹೆಸರು ಹತ್ತಾರು, ಅವು ನಂಬಿಕೊಂಡಿರುವ ಸೆನ್ಸರ್‌ಗಳು ಕೆಲವೇ. ಒಂದು ಸೆನ್ಸರ್ ಕೈಕೊಟ್ಟರೆ ಅದನ್ನು ನಂಬಿದ ಎಲ್ಲವೂ ಒಟ್ಟಿಗೆ ಮಲಗುತ್ತವೆ. ಎಬಿಎಸ್, ಟಿಸಿ, ಮುಂಚಕ್ರ ಮೇಲೇಳದಂತೆ ತಡೆಯುವ ವೀಲಿ ಕಂಟ್ರೋಲ್ ಮೂರೂ ಹೋಗಿದ್ದರೆ ಚಕ್ರದ ವೇಗದ ಸೆನ್ಸರ್ ಕಡೆ ನೋಡಿ. ಮಾಮೂಲಿ ಎಬಿಎಸ್ ಉಳಿದು, ವಾಲಿಕೆ ನೋಡಿ ಕೆಲಸ ಮಾಡುವ ಟಿಸಿ ಮತ್ತು ಕಾರ್ನರಿಂಗ್ ಎಬಿಎಸ್ ಮಾತ್ರ ಕೈಬಿಟ್ಟಿದ್ದರೆ ಐಎಂಯು. ಇಂಜಿನ್ ದೀಪದೊಂದಿಗೆ ಪವರ್ ಮೋಡ್ ಬದಲಾಗುತ್ತಿಲ್ಲ, ಆರ್‌ಪಿಎಂ ಏರುತ್ತಿಲ್ಲ ಎಂದಾದರೆ ಥ್ರಾಟಲ್ ಕಡೆಯ ಸೆನ್ಸರ್‌ಗಳು. ಡ್ಯಾಶ್‌ಬೋರ್ಡ್ ತುಂಬ ದೀಪ ಹತ್ತಿದ್ದರೆ ಬ್ಯಾಟರಿ ವೋಲ್ಟೇಜ್, ಇಲ್ಲವೇ ಕಂಟ್ರೋಲ್ ಯೂನಿಟ್‌ಗಳು ಮಾತಾಡಿಕೊಳ್ಳುವ ಕ್ಯಾನ್ ಲೈನ್. ನೂರಕ್ಕೆ ನೂರು ಹೀಗೇ ಎನ್ನಲಾಗದು, ಆದರೆ ಎಲ್ಲಿಂದ ಶುರು ಮಾಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಸಿಕ್ಕಿಲ್ಲ.

ಆಮೇಲೆ ಕಂಟ್ರೋಲ್ ಯೂನಿಟ್‌ಗಳು ಬರೆದಿಟ್ಟ ದೋಷದ ಕೋಡ್ ಓದುವ ಸ್ಕ್ಯಾನರ್. ಯುರೋಪಿನ ಯುರೋ 5 ಹೊಗೆ ನಿಯಮ ಜಾರಿಗೆ ಬಂದ 2020ರ ನಂತರದ ಹಲವು ಬೈಕ್‌ಗಳಲ್ಲಿ ಸೀಟಿನ ಕೆಳಗೆ ಆರು ಪಿನ್‌ನ ಕೆಂಪು ಕನೆಕ್ಟರ್ ಇರುತ್ತದೆ. ಪಿ ಅಕ್ಷರದಿಂದ ಶುರುವಾಗುವ ಕೋಡ್ ಇಂಜಿನ್ ಮತ್ತು ಗೇರ್ ಕಡೆಯದು, ಸಿ ಎಂದರೆ ಬ್ರೇಕ್ ಮತ್ತು ಚಾಸಿಸ್, ಯು ಎಂದರೆ ಯೂನಿಟ್‌ಗಳ ನಡುವಿನ ಸಂಪರ್ಕ. ಕೋಡ್ ಕಂಡ ತಕ್ಷಣ ಅಳಿಸಬೇಡಿ. ಫೋಟೊ ತೆಗೆದಿಟ್ಟುಕೊಳ್ಳಿ, ದೋಷ ಬಿದ್ದ ಕ್ಷಣದ ಆರ್‌ಪಿಎಂ, ತಾಪಮಾನ, ಥ್ರಾಟಲ್ ಸ್ಥಿತಿ ಅದರೊಂದಿಗೆ ಉಳಿದಿದ್ದರೆ ಅದನ್ನೂ ಬರೆದುಕೊಳ್ಳಿ. ಕೋಡ್ ಹೇಳುವುದು ಯಾವ ಸರ್ಕ್ಯೂಟ್‌ನ ಮಾತು ಇಸಿಯುಗೆ ಒಪ್ಪಿಗೆಯಾಗಲಿಲ್ಲ ಎಂಬುದನ್ನು ಮಾತ್ರ. ತಪ್ಪು ಆ ಸೆನ್ಸರ್‌ನದೋ, ವೈರಿನದೋ, ಪಿನ್ನಿನದೋ ಎಂಬುದನ್ನು ಮೀಟರ್ ಹಿಡಿದೇ ತಿಳಿಯಬೇಕು.

ಮೊದಲು ವೋಲ್ಟೇಜ್

ಬೈಕ್ ಕೆಲ ಗಂಟೆ ನಿಂತ ಮೇಲೆ ಲೆಡ್-ಆಸಿಡ್ ಬ್ಯಾಟರಿ 12.6ರಿಂದ 12.8 ವೋಲ್ಟ್ ತೋರಿಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 13.2 ದಾಟಿರಬೇಕು, ಅದು 12.8 ತೋರಿಸಿದರೆ ಬಹುತೇಕ ಖಾಲಿಯಾಗಿದೆ ಎಂದೇ ಅರ್ಥ. ಸೆಲ್ಫ್ ಹೊಡೆಯುವಾಗ 10 ವೋಲ್ಟ್‌ಗಿಂತ ಕೆಳಗೆ ಬೀಳಬಾರದು. ಇಂಜಿನ್ ಸುತ್ತುತ್ತದೆ, ಸ್ಟಾರ್ಟೂ ಆಗುತ್ತದೆ, ಆದರೆ ಆ ಒಂದು ಕ್ಷಣದ ಕುಸಿತದಲ್ಲಿ ಎಬಿಎಸ್ ಯೂನಿಟ್ ಕಡಿಮೆ ವೋಲ್ಟೇಜ್ ಎಂದು ದೋಷ ಬರೆದುಕೊಂಡುಬಿಡುತ್ತದೆ. ಹೊಸ ಎಬಿಎಸ್ ಯೂನಿಟ್ ಹಾಕಿಸಿ ಎಂಬ ಸಲಹೆ ಕೇಳಿ ಬಂದ ಬೈಕ್‌ನಲ್ಲೂ ನಾನು ಮೊದಲು ಅಳೆಯುವುದು ಇದನ್ನೇ.

5000 ಆರ್‌ಪಿಎಂನಲ್ಲಿ ಬ್ಯಾಟರಿ ಟರ್ಮಿನಲ್ ಮೇಲೆ 13.5ರಿಂದ 14.5 ಇರಲಿ. ಮೀಟರನ್ನು ಎಸಿಗೆ ತಿರುಗಿಸಿ ಮತ್ತೆ ನೋಡಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್‌ನ ಡಯೋಡ್ ಮೇಲೆ ಅನುಮಾನ ಪಡಬೇಕು. ಡಿಸಿ ಅಂಕಿ ಸರಿಯಿದ್ದೂ ಈ ಏರಿಳಿತ ಸೆನ್ಸರ್ ಸಿಗ್ನಲ್‌ಗಳನ್ನು ಕೆಡಿಸಬಲ್ಲದು. ವಿದ್ಯುತ್ ಹುಟ್ಟಿಸುವ ಸ್ಟೇಟರ್‌ನಿಂದ ಬರುವ ಮೂರು ವೈರುಗಳ ಕನೆಕ್ಟರ್ ಬಿಚ್ಚಿ ನೋಡಿ, ಪ್ಲಾಸ್ಟಿಕ್ ಕಂದಾಗಿ ಕರಗಿದ ಗುರುತಿದ್ದರೆ ಕಾರಣ ಅಲ್ಲೇ ಸಿಕ್ಕಿತು. ಅರ್ತ್ ಪರೀಕ್ಷೆ ಸುಲಭ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಕೇಸಿಂಗ್‌ಗೆ ಇಟ್ಟು ಸೆಲ್ಫ್ ಹೊಡೆಯಿರಿ. 0.3 ವೋಲ್ಟ್ ದಾಟಿದರೆ ಅರ್ತ್ ಬೋಲ್ಟ್ ಬಿಚ್ಚಿ ಉಜ್ಜಿ ಮತ್ತೆ ಬಿಗಿಮಾಡಿ.

ಯು ಕೋಡ್ ಇದ್ದರೆ ಬ್ಯಾಟರಿ ಬಿಚ್ಚಿ, ಡಯಾಗ್ನೋಸ್ಟಿಕ್ ಕನೆಕ್ಟರ್‌ನ ಎರಡು ಕ್ಯಾನ್ ಪಿನ್‌ಗಳ ನಡುವೆ ಓಮ್ ಅಳೆಯಿರಿ. ಲೈನಿನ ಎರಡೂ ತುದಿಯಲ್ಲಿ 120 ಓಮ್‌ನ ರೆಸಿಸ್ಟರ್ ಇರುವುದರಿಂದ ಸುಮಾರು 60 ಬರಬೇಕು. 120 ಬಂದರೆ ಎಲ್ಲೋ ಲೈನ್ ತುಂಡಾಗಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವೈರು ಒಂದಕ್ಕೊಂದು ತಗುಲಿವೆ. ಹೊರಗಿನಿಂದ ಕೂರಿಸಿದ ಅಲಾರ್ಮ್, ಟ್ರ್ಯಾಕರ್, ಹೆಚ್ಚುವರಿ ಲೈಟ್ ಇದ್ದರೆ ಅವನ್ನೆಲ್ಲ ಕಳಚಿ ಮತ್ತೊಮ್ಮೆ ಅಳೆಯಿರಿ.

ಚಕ್ರದ ವೇಗ: ಟಿಸಿ ಸುಳ್ಳು ನಂಬುವ ಜಾಗ

ಟಿಸಿಯ ಮೂಲ ಲೆಕ್ಕ ಸರಳ. ಹಿಂದಿನ ಚಕ್ರ ಮುಂದಿನದಕ್ಕಿಂತ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ನೋಡಿ, ಮಿತಿ ದಾಟಿದರೆ ಇಗ್ನಿಷನ್ ಹಿಂದೆ ಸರಿಸುತ್ತದೆ, ಒಂದೆರಡು ಸಿಲಿಂಡರ್‌ನ ಕಿಡಿಯನ್ನೋ ಇಂಧನವನ್ನೋ ನಿಲ್ಲಿಸುತ್ತದೆ, ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಬಾಗಿಲಾದ ಬಟರ್‌ಫ್ಲೈಯನ್ನು ಮುಚ್ಚುತ್ತದೆ. ಹಾಗಾಗಿ ಮುಂದಿನ ಚಕ್ರದ ವೇಗ ತಪ್ಪಾಗಿ ಕಡಿಮೆ ಓದಿದರೆ ಸಾಕು. ಹಿಂದಿನ ಟೈರ್ ಗಟ್ಟಿಯಾಗಿ ಹಿಡಿದಿದ್ದರೂ ಅದು ಜಾರುತ್ತಿದೆ ಎಂದು ಇಸಿಯು ನಂಬುತ್ತದೆ. ಒಣಗಿದ ನೇರ ರಸ್ತೆಯಲ್ಲಿ, ಹದವಾಗಿ ಥ್ರಾಟಲ್ ಕೊಟ್ಟಾಗಲೂ ಟಿಸಿ ದೀಪ ಮಿನುಗಿ ಬೈಕ್ ತಡವರಿಸಿದರೆ ಇದನ್ನೇ ಅನುಮಾನಿಸಿ. ಮಿಸ್‌ಫೈರ್ (ಸಿಲಿಂಡರ್‌ನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಆದರೂ ಬೈಕ್ ಹೀಗೇ ತಡವರಿಸುತ್ತದೆ, ಆದರೆ ಆಗ ಟಿಸಿ ದೀಪ ಮಿನುಗುವುದಿಲ್ಲ.

ಟೈರ್ ಬದಲಿಸಿದ ಮೇಲೆ ಶುರುವಾದ ದೋಷಗಳಲ್ಲಿ ನಾನು ಮೊದಲು ಹುಡುಕುವುದು ಬಾಗಿದ ಸೆನ್ಸರ್ ರಿಂಗ್. ಡಿಸ್ಕ್ ಪಕ್ಕದಲ್ಲಿ, ಕಿಂಡಿ ಕೊರೆದ ತೆಳು ತಗಡಿನ ಬಳೆ ಅದು. ಚಕ್ರವನ್ನು ನೆಲಕ್ಕೆ ಮಲಗಿಸಿ ಟೈರ್ ಬಿಡಿಸುವಾಗ ಅಥವಾ ಚಕ್ರ ಕೂರಿಸುವಾಗ ಒಂದು ಪೆಟ್ಟು ಬಿದ್ದರೂ ಒಂದು ಜಾಗದಲ್ಲಿ ಒಳಕ್ಕೆ ಹೋಗುತ್ತದೆ. ಬರಿಗಣ್ಣಿಗೆ ಏನೂ ಕಾಣದು. ಚಕ್ರ ಎತ್ತಿ ನಿಲ್ಲಿಸಿ, ಸೆನ್ಸರ್ ಮೂತಿಗೂ ರಿಂಗ್‌ಗೂ ನಡುವೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ನಿಧಾನವಾಗಿ ಒಂದು ಸುತ್ತು ತಿರುಗಿಸಿ. ಸರಿಯಿರುವ ರಿಂಗ್‌ನಲ್ಲಿ ಗೇಜ್ ಸುತ್ತಿಡೀ ಒಂದೇ ಬಿಗುವಿನಲ್ಲಿ ಜಾರುತ್ತದೆ. ಬಾಗಿದ್ದರೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತದೆ, ಇನ್ನೊಂದು ಕಡೆ ಸಡಿಲವಾಗಿ ಅಲ್ಲಾಡುತ್ತದೆ. ಆ ಸಡಿಲ ಜಾಗದಲ್ಲಿ ಸೆನ್ಸರ್‌ಗೆ ಕೆಲವು ಹಲ್ಲುಗಳು ಕಾಣದೇ ಹೋಗುತ್ತವೆ. ಓಡುವಾಗ ಸೆನ್ಸರ್ ಅಂಕಿಗಳನ್ನು ದಾಖಲಿಸಿದ ಲಾಗ್‌ನಲ್ಲಿ ಮುಂದಿನ ಚಕ್ರದ ಗೆರೆ ಪ್ರತಿ ಸುತ್ತಿಗೊಮ್ಮೆ, ಚಕ್ರದ ತಾಳಕ್ಕೆ ಸರಿಯಾಗಿ ಕೆಳಗೆ ಕುಸಿಯುತ್ತದೆ. 120/70-17 ಟೈರ್‌ನ ಸುತ್ತಳತೆ ಸುಮಾರು 1.88 ಮೀಟರ್, ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 15 ಸುತ್ತು. ಕುಸಿತ ಅದೇ ಲೆಕ್ಕದಲ್ಲಿ ಬರುತ್ತಿದ್ದರೆ ರಿಂಗ್ ಹಾಳಾಗಿದೆ. ಲೆಕ್ಕ ತಪ್ಪಿ ಎಲ್ಲೆಂದರಲ್ಲಿ ಬೀಳುತ್ತಿದ್ದರೆ ವೈರು ಅಥವಾ ಕನೆಕ್ಟರ್. ಬಾಗಿದ ರಿಂಗನ್ನು ಸುತ್ತಿಗೆಯಲ್ಲಿ ನೇರ ಮಾಡುವ ಗೋಜಿಗೆ ಹೋಗಬೇಡಿ. ಬ್ರೇಕ್ ವ್ಯವಸ್ಥೆ ಕಣ್ಣುಮುಚ್ಚಿ ನಂಬುವ ಭಾಗ ಅದು, ಬದಲಿಸಿ.

ಟೈರ್ ಅಳತೆಯೂ ಇದೇ ಮೋಸ ಮಾಡುತ್ತದೆ. 190/55-17ರ ಸುತ್ತಳತೆ ಲೆಕ್ಕದ ಪ್ರಕಾರ 2013 ಮಿಲಿಮೀಟರ್, 190/50-17ರದು 1953. ಮೊದಲನೆಯದಕ್ಕೆ ಹೊಂದಿಸಿದ ಬೈಕ್‌ಗೆ ಎರಡನೆಯದನ್ನು ಹಾಕಿದರೆ ಹಿಂದಿನ ಚಕ್ರ ಸದಾ ಶೇಕಡಾ 3ರಷ್ಟು ಹೆಚ್ಚು ತಿರುಗುತ್ತದೆ, ಇಸಿಯು ಅದನ್ನು ನಿರಂತರ ಜಾರಿಕೆ ಎಂದು ಓದಬಹುದು. ಟೈರ್ ಅಳತೆ ಕಲಿಸುವ ಮೆನು ಇರುವ ಬೈಕ್‌ನಲ್ಲಿ ಅದನ್ನು ಮಾಡಿ, ಇಲ್ಲದಿದ್ದರೆ ಮೂಲ ಅಳತೆಗೇ ಮರಳಿ. ಗಾಳಿಯ ಒತ್ತಡವನ್ನೂ ನೋಡಿ. ಸೆನ್ಸರ್ ಮೂತಿಗೆ ಅಂಟಿದ ಕಬ್ಬಿಣದ ಪುಡಿಯನ್ನು ಬಟ್ಟೆಯಲ್ಲಿ ಒರೆಸಿ.

ಐಎಂಯು

ಇಲ್ಲಿ ಕೇಳಬೇಕಾದ್ದು ಒಂದೇ: ತೊಂದರೆ ಎಡಕ್ಕೂ ಬಲಕ್ಕೂ ಸಮವಾಗಿದೆಯೇ? ಎಡ ತಿರುವಿನಿಂದ ಹೊರಬರುವಾಗ ಮಾತ್ರ ಶಕ್ತಿ ಕಟ್ ಆಗುತ್ತದೆ, ಬಲಕ್ಕೆ ಸರಿಯಿದೆ ಎಂದರೆ ಐಎಂಯುವಿನ ಸೊನ್ನೆ ಒಂದು ಪಕ್ಕಕ್ಕೆ ಸರಿದಿರುವ ಸಾಧ್ಯತೆ ಹೆಚ್ಚು. ನಿಜವಾಗಿ ಇರುವುದಕ್ಕಿಂತ ಹೆಚ್ಚು ವಾಲಿದ್ದೇವೆ ಎಂದು ಒಂದು ದಿಕ್ಕಿನಲ್ಲಿ ಅದು ನಂಬುತ್ತದೆ. ವಾಲಿಕೆ ಹೆಚ್ಚಿದಷ್ಟೂ ಇಸಿಯು ಶಕ್ತಿಯನ್ನು ಬಿಗಿಹಿಡಿಯುತ್ತದೆ. ಬಿದ್ದ ಬೈಕ್, ಸಬ್‌ಫ್ರೇಮ್ ಬಾಗಿದ ಬೈಕ್, ಸೀಟಿನ ಕೆಳಗೆ ಕೈಹಾಕಿದ ಬೈಕ್‌ಗಳಲ್ಲಿ ಇದು ಸಿಗುತ್ತದೆ. ಪೆಟ್ಟಿಗೆ ತನ್ನ ರಬ್ಬರ್ ಬುಷ್‌ಗಳ ಮೇಲೆ ಚಪ್ಪಟೆಯಾಗಿ ಕೂತಿದೆಯೇ, ಬಾಣದ ಗುರುತು ಸರಿಯಾದ ದಿಕ್ಕಿಗಿದೆಯೇ ನೋಡಿ. ಕೆಳಗೆ ಒಂದು ವೈರು ಸಿಕ್ಕಿಕೊಂಡು ಪೆಟ್ಟಿಗೆ ಓರೆಯಾಗಿದ್ದರೂ ಸಾಕು. ಬೈಕನ್ನು ಸಮತಟ್ಟಾದ ನೆಲದಲ್ಲಿ ನೇರವಾಗಿ ಹಿಡಿದು ಸ್ಕ್ಯಾನರ್‌ನಲ್ಲಿ ವಾಲಿಕೆ ಓದಿದರೆ ಸೊನ್ನೆಯ ಹತ್ತಿರ ಇರಬೇಕು.

ಗ್ರಿಪ್, ಬಟರ್‌ಫ್ಲೈ ಮತ್ತು 5 ವೋಲ್ಟ್

ಗ್ರಿಪ್‌ನಲ್ಲೂ ಥ್ರಾಟಲ್ ಬಾಡಿಯಲ್ಲೂ ಎರಡೆರಡು ಸೆನ್ಸರ್ ಸಿಗ್ನಲ್‌ಗಳಿರುತ್ತವೆ, ಒಂದು ಇನ್ನೊಂದಕ್ಕೆ ಸಾಕ್ಷಿ. ಎರಡರ ಮಾತು ಹೊಂದದಿದ್ದರೆ ಇಸಿಯು ಯಾರನ್ನೂ ನಂಬದೆ ಲಿಂಪ್ ಮೋಡ್‌ಗೆ (ಶಕ್ತಿ ಕಡಿತಗೊಳಿಸಿ ಓಡಿಸುವ ಸುರಕ್ಷಾ ಸ್ಥಿತಿಗೆ) ಇಳಿಯುತ್ತದೆ. ಪಿ 2135, ಪಿ 2138 ಹೇಳುವುದು ಈ ಜಗಳವನ್ನೇ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ, ಗ್ರಿಪ್ಪನ್ನು ತುಂಬಾ ನಿಧಾನವಾಗಿ ತಿರುಗಿಸುತ್ತಾ ಎರಡೂ ಅಂಕಿಗಳನ್ನು ನೋಡಿ. ಎಲ್ಲೂ ನೆಗೆಯದೆ, ನಿಲ್ಲದೆ ಏರಬೇಕು. ಅದೇ ಹೊತ್ತಿಗೆ ಹ್ಯಾಂಡಲ್ಲನ್ನು ಎಡದ ಕೊನೆಯಿಂದ ಬಲದ ಕೊನೆಗೆ ತಿರುಗಿಸಿ. ಸ್ಟೀರಿಂಗ್ ಹೆಡ್ ಬಳಿ ಸವೆದ ವೈರು ಆಗಲೇ ಸಿಕ್ಕಿಬೀಳುತ್ತದೆ. ಗ್ರಿಪ್ ಬಿಟ್ಟಾಗ ಪೂರ್ತಿ ಹಿಂದಕ್ಕೆ ಬರುತ್ತದೆಯೇ ನೋಡಿ. ಹೊಸ ರಬ್ಬರ್ ಗ್ರಿಪ್ ತುದಿಯ ಬಾರ್ ವೇಯ್ಟ್‌ಗೆ ಉಜ್ಜಿ ಕೂದಲೆಳೆಯಷ್ಟು ತೆರೆದೇ ನಿಂತರೂ ಇಸಿಯು ಅದನ್ನು ಒಪ್ಪುವುದಿಲ್ಲ.

ಹಲವು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬಂದಿದ್ದರೆ ಅವಕ್ಕೆಲ್ಲ ಹೋಗುವ 5 ವೋಲ್ಟ್ ಲೈನನ್ನು ಅಳೆಯಿರಿ. ಅದು ಕುಸಿದಿದ್ದರೆ ಒಂದು ಶಾರ್ಟ್ ಆದ ಸೆನ್ಸರ್ ಉಳಿದವನ್ನೂ ಎಳೆದುಕೊಂಡು ಮುಳುಗಿಸಿದೆ. ಒಂದೊಂದೇ ಕನೆಕ್ಟರ್ ಬಿಚ್ಚುತ್ತಾ ಹೋಗಿ, ಯಾವುದನ್ನು ಬಿಚ್ಚಿದಾಗ 5 ಮರಳುತ್ತದೋ ಅದೇ ತಪ್ಪಿತಸ್ಥ.

ಒಂದೇ ಒಂದು ಲಾಗ್ ತೆಗೆಯಲು ಅವಕಾಶವಿದ್ದರೆ ಗ್ರಿಪ್ ಕೇಳಿದ ಶೇಕಡಾ, ಬಟರ್‌ಫ್ಲೈ ತೆರೆದ ಶೇಕಡಾ ಎರಡನ್ನೂ ಒಂದೇ ಹಾಳೆಯಲ್ಲಿ ತೆಗೆಯಿರಿ. ಗ್ರಿಪ್ 100, ಬಟರ್‌ಫ್ಲೈ 60 ಎಂದಿದ್ದರೆ ಇಂಜಿನ್ ಬಿಚ್ಚುವುದು ವ್ಯರ್ಥ; ಶಕ್ತಿಯನ್ನು ಯಾರೋ ತಡೆಹಿಡಿದಿದ್ದಾರೆ. ಆದರೆ ಇಲ್ಲೂ ಒಂದು ಎಚ್ಚರ: ಕೆಳ ಗೇರ್‌ಗಳಲ್ಲಿ, ಕೆಲವು ಆರ್‌ಪಿಎಂ ವಲಯಗಳಲ್ಲಿ ಬಟರ್‌ಫ್ಲೈ ಪೂರ್ತಿ ತೆರೆಯದಂತೆ ಕಂಪನಿಯೇ ಮಿತಿ ಇಟ್ಟಿರುತ್ತದೆ. ಹೋಲಿಸುವುದಾದರೆ ಅದೇ ಮಾಡೆಲ್‌ನ ಸರಿಯಿರುವ ಬೈಕ್‌ನೊಂದಿಗೆ, ಅದೇ ಗೇರ್‌ನಲ್ಲಿ, ಅದೇ ಮೋಡ್‌ನಲ್ಲಿ ಹೋಲಿಸಿ. ಈ ಪರೀಕ್ಷೆಗಳನ್ನು ಟ್ರ್ಯಾಕ್‌ನಲ್ಲೋ ಡೈನೋ ಮೇಲೋ ಮಾಡಿ, ಓಡಾಟವಿರುವ ರಸ್ತೆಯಲ್ಲಿ ಬೇಡ.

ಕ್ಲಚ್ ಹಿಡಿಯದೆ ಗೇರ್ ಬದಲಿಸಲು ಬಿಡುವ ಕ್ವಿಕ್‌ಶಿಫ್ಟರ್‌ನ ಸೆನ್ಸರ್ ಒತ್ತಿಕೊಂಡೇ ಉಳಿದರೂ ಇಗ್ನಿಷನ್ ಕಟ್ ಆಗುತ್ತಿರುತ್ತದೆ. ಗೇರ್ ರಾಡ್ ಹೊಂದಿಸಿದ ಮೇಲೆ ದೋಷ ಬಂದಿದ್ದರೆ ಕ್ವಿಕ್‌ಶಿಫ್ಟರನ್ನು ಮೆನುವಿನಲ್ಲಿ ಆಫ್ ಮಾಡಿ ಓಡಿಸಿ. ಆಗಲೂ ಕಟ್ ಆಗುತ್ತಿದ್ದರೆ ಸೆನ್ಸರ್ ಕನೆಕ್ಟರ್ ಕಳಚಿ ನೋಡಿ.

ಬಟರ್‌ಫ್ಲೈ ಪೂರ್ತಿ ತೆರೆದಿದೆ, ಆದರೂ ಶಕ್ತಿ ಇಲ್ಲ

ಈಗ ಹಳೆಯ ವಿದ್ಯೆಗೆ ಮರಳಬೇಕು. ಇಂಧನದ ಒತ್ತಡ ಹಲವು ಬೈಕ್‌ಗಳಲ್ಲಿ 3 ಬಾರ್ ಆಸುಪಾಸು. ಸರಿಯಾದ ಅಂಕಿಯನ್ನು ನಿಮ್ಮ ಮಾಡೆಲ್‌ನ ಸರ್ವೀಸ್ ಮ್ಯಾನುಯಲ್‌ನಲ್ಲಿ ನೋಡಿ. ಐಡಲ್‌ನಲ್ಲಿ ಸರಿಯಿದ್ದ ಒತ್ತಡ ಪೂರ್ತಿ ಲೋಡ್‌ನಲ್ಲಿ ಬೀಳುತ್ತದೆಯೇ ಎಂಬುದೇ ಮುಖ್ಯ, ಕಟ್ಟಿದ ಫಿಲ್ಟರ್ ಮತ್ತು ದಣಿದ ಪಂಪ್ ಬಯಲಾಗುವುದು ಆಗ ಮಾತ್ರ. ಟ್ಯಾಂಕ್ ಎತ್ತಿ ಇಳಿಸಿದ ಮೇಲೆ ತೊಂದರೆ ಬಂದಿದ್ದರೆ ಟ್ಯಾಂಕಿಗೆ ಗಾಳಿ ಬಿಡುವ ಬ್ರೀದರ್ ಪೈಪ್ ಟ್ಯಾಂಕ್ ಕೆಳಗೆ ಮಡಚಿಕೊಂಡಿದೆಯೇ ನೋಡಿ. ಅದರ ಗುರುತು ಸ್ಪಷ್ಟ: ಒಂದಷ್ಟು ಹೊತ್ತು ಜೋರಾಗಿ ಓಡಿದ ಮೇಲೆ ಶಕ್ತಿ ಇಳಿಯುತ್ತದೆ, ಕ್ಯಾಪ್ ತೆರೆದರೆ ಉಸ್ಸೆಂದು ಗಾಳಿ ಒಳಗೆ ಹೋಗುತ್ತದೆ, ಮತ್ತೆ ಸ್ವಲ್ಪ ಹೊತ್ತು ಸರಿ.

ಎಕ್ಸಾಸ್ಟ್ ವಾಲ್ವ್ ಇರುವ ಬೈಕ್‌ಗಳಲ್ಲಿ ಕೀ ಆನ್ ಮಾಡಿದಾಗ ಸರ್ವೋ ಮೋಟಾರ್ ಒಮ್ಮೆ ತಿರುಗಿ ವಾಪಸಾಗುವ ಸದ್ದು ಕೇಳುತ್ತದೆ. ಸದ್ದು ಬಂದಿತೆಂದು ಬಿಡಬೇಡಿ, ಕೆಳಗೆ ಬಗ್ಗಿ ವಾಲ್ವ್‌ನ ಪುಲಿ ನಿಜಕ್ಕೂ ತಿರುಗಿತೇ ಎಂದು ಕಣ್ಣಾರೆ ನೋಡಿ. ತುಕ್ಕು ಹಿಡಿದು ಅರ್ಧ ಮುಚ್ಚಿ ನಿಂತ ವಾಲ್ವ್ ಮೇಲಿನ ಆರ್‌ಪಿಎಂನ ಶಕ್ತಿಯನ್ನೆಲ್ಲ ಕಟ್ಟಿಹಾಕುತ್ತದೆ. ಕಡಿಮೆ ಆಕ್ಟೇನ್ ಇಂಧನವೂ ಕಾರಣವಾಗಬಹುದು. ಇಂಧನ ಹೊತ್ತಿಗೆ ಮೊದಲೇ ಸಿಡಿಯುವುದನ್ನು ಗುರುತಿಸುವ ನಾಕ್ ಸೆನ್ಸರ್ ಇರುವ ಇಂಜಿನ್ ಇಗ್ನಿಷನ್ ಹಿಂದೆ ಸರಿಸಿ ತನ್ನನ್ನು ಕಾಪಾಡಿಕೊಳ್ಳುತ್ತದೆ. ಇವೆಲ್ಲ ಸರಿಯಿದ್ದರೆ ಮಾತ್ರ ವಾಲ್ವ್ ಕ್ಲಿಯರೆನ್ಸ್, ಸಿಲಿಂಡರ್‌ನಿಂದ ಒತ್ತಡ ಸೋರುತ್ತಿದೆಯೇ ನೋಡುವ ಲೀಕ್‌ಡೌನ್ ಪರೀಕ್ಷೆ.

ಕ್ಲಚ್ಚೋ, ಟೈರೋ

ಆರ್‌ಪಿಎಂ ಏರಿತು, ವೇಗ ಏರಲಿಲ್ಲ ಎಂಬ ದೂರಿಗೆ ಲಾಗ್‌ನಲ್ಲಿ ಮೂರು ಗೆರೆ ಬೇಕು. ಆರ್‌ಪಿಎಂ ಏರಿ, ಹಿಂದಿನ ಚಕ್ರದ ವೇಗ ಅದರೊಂದಿಗೆ ಏರದಿದ್ದರೆ ಜಾರುತ್ತಿರುವುದು ಕ್ಲಚ್. ಆರ್‌ಪಿಎಂ ಮತ್ತು ಹಿಂದಿನ ಚಕ್ರ ಎರಡೂ ಒಟ್ಟಿಗೆ ಏರಿ, ಮುಂದಿನ ಚಕ್ರ ಹಿಂದೆ ಉಳಿದರೆ ಜಾರುತ್ತಿರುವುದು ಟೈರ್. ಲಾಗ್ ಇಲ್ಲದಿದ್ದರೆ ಮೇಲಿನ ಗೇರ್‌ನಲ್ಲಿ, ಮಧ್ಯಮ ಆರ್‌ಪಿಎಂನಲ್ಲಿ ಥ್ರಾಟಲ್ ಪೂರ್ತಿ ತೆರೆದು ನೋಡಿ. ಮುಳ್ಳು ಒಮ್ಮೆಲೇ ಹಾರಿದರೆ ಕ್ಲಚ್. ಪ್ಲೇಟ್ ತೆಗೆಯುವ ಮೊದಲು ಲಿವರ್‌ನ ಫ್ರೀ ಪ್ಲೇ ನೋಡಿ, ಆಯಿಲ್ ಯಾವುದು ಎಂದು ವಿಚಾರಿಸಿ. ಡಬ್ಬಿಯ ಮೇಲೆ ಜಪಾನಿನ ಆಯಿಲ್ ಮಾನದಂಡವಾದ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು. ಘರ್ಷಣೆ ಕಡಿಮೆ ಮಾಡುವ ಕಾರಿನ ಆಯಿಲ್ ಒದ್ದೆ ಕ್ಲಚ್ಚನ್ನು ಜಾರಿಸುತ್ತದೆ.

ರಿಪೇರಿ ಆದ ಮೇಲೆ

ಕೋಡ್ ಅಳಿಸಿ, ಬೈಕ್ ಓಡಿಸಿ, ಮತ್ತೆ ಓದಿ. ಎಬಿಎಸ್ ಮತ್ತು ಟಿಸಿಯ ಸ್ವಯಂ ಪರೀಕ್ಷೆ ಚಕ್ರ ತಿರುಗಿದ ಮೇಲಷ್ಟೇ ಮುಗಿಯುವುದರಿಂದ ನಿಲ್ಲಿಸಿದಲ್ಲೇ ದೀಪ ಆರಿತು ಎಂದು ಒಪ್ಪಿಸಬೇಡಿ. ಇಂಜಿನ್ ಪೂರ್ತಿ ಕಾದು, ಫ್ಯಾನ್ ಒಮ್ಮೆ ತಿರುಗಿ ನಿಂತ ಮೇಲೂ ಒಂದು ಸುತ್ತು ಓಡಿಸಿ, ಏಕೆಂದರೆ ತಣ್ಣಗಿದ್ದಾಗ ಸರಿಯಾಗಿ ಓದುವ ಸೆನ್ಸರ್ ಬಿಸಿಯಾದಾಗ ಬಿಟ್ಟುಹೋಗುವುದುಂಟು. ಎಬಿಎಸ್ ಕಡೆಯ ಭಾಗ ಬದಲಿಸಿದ್ದರೆ ಮೊದಲ ಬ್ರೇಕನ್ನು ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ, ನೇರ ನಿಂತ ಬೈಕ್‌ನಲ್ಲಿ ಹಿಡಿಯಿರಿ. ಹಳೆಯ ಕೋಡ್‌ನ ಫೋಟೊ ಮತ್ತು ರಿಪೇರಿಯ ನಂತರದ ಲಾಗ್ ಎರಡನ್ನೂ ಸವಾರನ ಕೈಗೆ ಕೊಟ್ಟು ಕಳುಹಿಸಿ.